ನ್ಯೂಟ್ರಾನಿನ ಸಂಘಟ್ಟನ ಮತ್ತು ಶಕ್ತಿಕ್ಷಯ

ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಭೀಮಾ ದ್ರೋಣಿಯ ಸುಣ್ಣಶಿಲೆ ಮತ್ತು ಗ್ರಾನೈಟುಗಳ ಸೀಳಿನೊಳಗೆ ಯುರೇನಿಯಂ ಅದಿರು ಹುದುಗಿದೆ. ಆದರೆ ಆ ಲೋಹದ ಬೀಜಕೇಂದ್ರವು ಒಡೆದಾಗ ಸುಮಾರು 2 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿಂದ ಹೊರಚಿಮ್ಮುವ ನ್ಯೂಟ್ರಾನು, ಮತ್ತೊಂದು ಯುರೇನಿಯಂ-235 ಬೀಜಕೇಂದ್ರವನ್ನು ಸುಲಭವಾಗಿ ಭೇದಿಸಬೇಕಾದರೆ ಮೊದಲು 0.025 ಎಲೆಕ್ಟ್ರಾನ್ ವೋಲ್ಟಿನಷ್ಟು ಮಂದವಾಗಬೇಕೆಂಬುದು ಅದಕ್ಕಿಂತಲೂ ಮನನಯೋಗ್ಯವಾದ ವಿಷಯ.

ಈ ಮಾಂದ್ಯವು ನೆಲದ ಮೇಲೆ ಉರುಳುವ ಚೆಂಡಿಗೆ ಒದಗುವ ಘರ್ಷಣೆಯಂಥದಲ್ಲ. ಸ್ಥಿತಿಸ್ಥಾಪಕ ಸಂಘಟ್ಟನದಲ್ಲಿ ಒಟ್ಟು ಚಲನಶಕ್ತಿಯು ಅಳಿಯದೆ, ನ್ಯೂಟ್ರಾನು ಕಳೆದುಕೊಂಡುದನ್ನು ಎದುರಿನ ಬೀಜಕೇಂದ್ರವು ಪಡೆಯುತ್ತದೆ. ಅಸ್ಥಿತಿಸ್ಥಾಪಕ ಸಂಘಟ್ಟನದಲ್ಲಾದರೋ ಒಂದಂಶವು ಬೀಜಕೇಂದ್ರದ ಒಳಗನ್ನು ಉದ್ರೇಕಿಸಿ, ಬಹುಧಾ ಗಾಮಾ ಕಿರಣವಾಗಿ ಹೊರಬೀಳುತ್ತದೆ. ಬೀಜಕೇಂದ್ರಗಳ ಮಟ್ಟದಲ್ಲಿ ‘ಘರ್ಷಣೆ’ಯೆಂಬ ಪದವು ಭಾರವಾದ ಬೀಜಕೇಂದ್ರಗಳೆರಡು ಒಂದನ್ನೊಂದು ಒರಸಿಕೊಂಡು ಸಾಗುವಾಗ ಸಲ್ಲುತ್ತದೆ.

ಒಂದೇ ಆಘಾತದಲ್ಲಿ ನ್ಯೂಟ್ರಾನು ಹೈಡ್ರೋಜನಿಗೆ ತನ್ನ ಸಮಸ್ತ ಶಕ್ತಿಯನ್ನೂ, ಡ್ಯುಟೀರಿಯಮ್ಮಿಗೆ ಗರಿಷ್ಠ 8/9 ಅಂಶವನ್ನೂ ಒಪ್ಪಿಸಬಲ್ಲುದು. ಯುರೇನಿಯಂ-238ಕ್ಕಾದರೆ ಶೇಕಡ 1.7ರಷ್ಟನ್ನು ಮಾತ್ರ. ಆದುದರಿಂದ ಮಂದಗೊಳ್ಳಲು ಹೈಡ್ರೋಜನಿನಲ್ಲಿ ಸರಾಸರಿ 18, ಡ್ಯುಟೀರಿಯಮ್ಮಿನಲ್ಲಿ 25, ಇಂಗಾಲದಲ್ಲಿ ಸುಮಾರು 115 ಸಂಘಟ್ಟನಗಳು ಬೇಕು. ಹಾಗಿದ್ದೂ ಕಾಳೀ ತೀರದ ಕೈಗಾ ಪರಮಾಣು ವಿದ್ಯುತ್ ಸ್ಥಾವರದಲ್ಲಿ, ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಲ್ಲಿ, ಡ್ಯುಟೀರಿಯಮ್ಮಿನಿಂದಾದ ಭಾರಜಲವನ್ನೇ ಮಂದಕವನ್ನಾಗಿ ಆರಿಸಿದುದೇಕೆಂದರೆ, ಸಾಮಾನ್ಯ ಜಲವು ನ್ಯೂಟ್ರಾನುಗಳನ್ನೇ ನುಂಗಿಬಿಡುವುದರಿಂದ ಅಲ್ಲಿಯ ಇಂಧನವಾದ ನೈಸರ್ಗಿಕ ಯುರೇನಿಯಮ್ಮಿನಲ್ಲಿ ಸರಣಿಕ್ರಿಯೆ ಮುಂದುವರಿಯಲಾರದು. ಅಲ್ಲಿನ ಮೊದಲ ಘಟಕವು 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆ ಸ್ಥಾಪಿಸಿತು.