ಮೂತ್ರಪಿಂಡದ ಶಕ್ತಿಯನ್ನು ಅಳೆಯುವ ಬಗೆ

ನಮ್ಮ ಮೂತ್ರಪಿಂಡಗಳು ರಕ್ತದಿಂದ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಬೀಳುತ್ತದೆ. ಉಳಿದುದು ರಕ್ತಕ್ಕೇ ಮರಳುತ್ತದೆ. ಆರೋಗ್ಯವಂತ ತರುಣರಲ್ಲಿ ಈ ಸೋಸುವಿಕೆ ನಿಮಿಷಕ್ಕೆ 100 ಮಿಲಿಲೀಟರ್ ಆಸುಪಾಸು. ಮೂರು ತಿಂಗಳು ಮೀರಿಯೂ 60ಕ್ಕಿಂತ ಕೆಳಗಿದ್ದರೆ ರೋಗವೆಂದೇ ತಿಳಿಯಬೇಕು. ಮೊದಮೊದಲು ನೋವೇ ಇರುವುದಿಲ್ಲವಾದ್ದರಿಂದ ಅಳೆಯದೆ ತಿಳಿಯದು.

ಸಾಮಾನ್ಯವಾಗಿ ರಕ್ತದಲ್ಲಿನ ಕ್ರಿಯಾಟಿನಿನ್ ನೋಡಿ, ವಯಸ್ಸು, ಲಿಂಗಗಳನ್ನು ಸೇರಿಸಿ ಲೆಕ್ಕ ಹಾಕುತ್ತಾರೆ. ಇದು ಸುಲಭ, ಅಗ್ಗ. ಆದರೆ ಕ್ರಿಯಾಟಿನಿನ್ ಮಾಂಸಖಂಡಗಳಲ್ಲಿ ಹುಟ್ಟುವ ಕಸ. ಮೈ ಬತ್ತಿದ ವೃದ್ಧರಲ್ಲಿ ಆ ಕಸವೇ ಕಡಿಮೆ. ಮೂತ್ರಪಿಂಡದ ಶಕ್ತಿ ಕುಂದಿದ್ದರೂ ಚೀಟಿಯಲ್ಲಿ ಅಂಕಿ ಸರಿಯಾಗಿಯೇ ಕಾಣಬಹುದು. ಅದನ್ನೇ ನಂಬಿ ಕೀಲುನೋವಿನ ಮಾತ್ರೆಗಳನ್ನು ನುಂಗುತ್ತ ಹೋದರೆ ಉಳಿದ ಶಕ್ತಿಗೂ ಅಪಾಯ. ಕಟ್ಟುಮಸ್ತಾದ ಹಮಾಲರಲ್ಲಿ ಇದು ತಿರುಗುಮುರುಗು. ಪರೀಕ್ಷೆಗೆ ಮುಂಚೆ ಬಾಡೂಟ ಉಂಡರೂ ಅಂಕಿ ಏರುತ್ತದೆ!

ಇಂಥವರಿಗೆ ಸಿಸ್ಟಾಟಿನ್-ಸಿ ಎಂಬ ರಕ್ತಪರೀಕ್ಷೆ ಮೇಲು. ಅದಕ್ಕೆ ಮಾಂಸಖಂಡದ ಹಂಗು ಕಡಿಮೆ, ಖರ್ಚು ಹೆಚ್ಚು.

ಇನ್ನೊಂದು, 24 ಗಂಟೆಯ ಮೂತ್ರ ಕೂಡಿಡುವ ಕ್ರಮ. ಬೆಳಗಿನ ಮೊದಲ ಮೂತ್ರವನ್ನು ಬಿಟ್ಟು, ಮರುದಿನ ಅದೇ ಹೊತ್ತಿನವರೆಗೆ ಆದುದೆಲ್ಲವನ್ನೂ ಡಬ್ಬಿಗೆ ತುಂಬಬೇಕು. ಹೊಲಕ್ಕೆ ಹೋದರೆ ಡಬ್ಬಿಯೂ ಜೊತೆಗಿರಲಿ. ಒಮ್ಮೆ ಬೇಲಿಯ ಮರೆಗೆ ಹೋಗಿಬಂದರೂ ಲೆಕ್ಕ ತಪ್ಪುತ್ತದೆ. ಹಾಗಾದರೆ ಡಾಕ್ಟರಿಗೆ ಹೇಳಿ ಮತ್ತೆ ಮೊದಲಿನಿಂದ ಕೂಡಿಡಿರಿ.