ಬೀರುವಿನ ಬೀಗದ ಕೈ ಯಾರ ಹತ್ತಿರ?

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ತಾಲ್ಲೂಕುಗಳಲ್ಲಿ ಸ್ವಯಂಸೇವಾ ಸಂಸ್ಥೆಯವರು ಕಾಲಿಡದ ಊರು ಕಡಿಮೆ. ಅದಕ್ಕೆ ಇಲ್ಲಿನ ಚರಿತ್ರೆಯೇ ಕಾರಣ. 1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯ ಬಳಿ ಸುಮಾರು ಮೂರು ಸಾವಿರ ಎಕರೆ ಕೊಟ್ಟು ಟಿಬೆಟನ್ನರಿಗೆ ನೆಲೆ ಮಾಡಿಕೊಟ್ಟಿತು. 1970ರ ದಶಕದಲ್ಲಿ ಕಬಿನಿ ಜಲಾಶಯ ತುಂಬಿ ಕೋಟೆ ತಾಲ್ಲೂಕಿನ ಊರುಗಳು ಮುಳುಗಿದವು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದ ಮೇಲೆ ಜೇನುಕುರುಬರು, ಬೆಟ್ಟಕುರುಬರು, ಯರವರು ಕಾಡಿನೊಳಗಿನ ತಮ್ಮ ಊರುಗಳಾದ ಹಾಡಿಗಳನ್ನು ಬಿಡಬೇಕಾಯಿತು. ನೆಲೆ ಕಳೆದುಕೊಂಡವರು ಬಂದು ನಿಂತ ಕಡೆಯೆಲ್ಲ ಅವರ ಹೆಸರಿನಲ್ಲಿ ಒಂದೊಂದು ಸಂಸ್ಥೆ ಹುಟ್ಟಿತು.

ಈ ಭಾಗದಲ್ಲಿ ಬಹಳ ವರ್ಷ ಸಂಘ ಕಟ್ಟುವ, ಲೆಕ್ಕ ನೋಡುವ, ಆಡಳಿತ ಮಂಡಳಿಗಳಿಗೆ ತರಬೇತಿ ಕೊಡುವ ಕೆಲಸ ಮಾಡಿದ್ದೇನೆ. ಯಾರ ಹೆಸರು ಹೇಳಿ ಸಂಸ್ಥೆ ಹಣ ತರುತ್ತದೋ ಅವರು ಅದರ ಲೆಕ್ಕ ಕೇಳುವಂತಿರಬೇಕು ಎಂಬ ಒಂದೇ ಮಾತನ್ನು ನಾನು ಹಿಡಿದುಕೊಂಡಿದ್ದೇನೆ. ಕೆಳಗಿನ ಪಾಠಗಳೆಲ್ಲ ಅದರ ಸುತ್ತಲೇ ಇವೆ.

1. ಮುಖಂಡರ ಮೇಲೆ ನಂಬಿಕೆ ಹೋದರೆ ಜನ ಸಾಲ ಕಟ್ಟುವುದನ್ನು ನಿಲ್ಲಿಸುತ್ತಾರೆ

ಟಿಬೆಟನ್ ನಿರಾಶ್ರಿತರ ಪುನರ್ವಸತಿಗೆ ಸರ್ಕಾರದ ಜೊತೆ ಕೈಜೋಡಿಸಲೆಂದು 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡಾ. 1980ರ ದಶಕದ ಆರಂಭದ ಹೊತ್ತಿಗೆ ಆ ಕೆಲಸ ಮುಗಿದು ಅದು ಹಳ್ಳಿಯ ಬಡವರ ಕಡೆ ಪೂರ್ತಿಯಾಗಿ ತಿರುಗಿತು. ಹಾಗೆ ತಿರುಗಿದ ಮೇಲೆ ನಡೆದದ್ದನ್ನು ಸಂಸ್ಥೆ ನಡೆಸುವ ಪ್ರತಿಯೊಬ್ಬರೂ ತಿಳಿದಿರಬೇಕು. ಅದು ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು 1984-85ರ ಹೊತ್ತಿಗೆ ಹಲವು ಕಡೆ ಒಡೆದವು. ಅಧ್ಯಕ್ಷ, ಕಾರ್ಯದರ್ಶಿಗಳ ಮೇಲೆ ಸದಸ್ಯರಿಗೆ ವಿಶ್ವಾಸ ಉಳಿದಿರಲಿಲ್ಲ, ಆಡಳಿತವೂ ಹದಗೆಟ್ಟಿತ್ತು. ಆದರೆ ಜನ ಸಾಲ ಮುಳುಗಿಸಲು ಹೊರಟಿರಲಿಲ್ಲ. ದೊಡ್ಡ ಸಂಘಕ್ಕೆ ಕಟ್ಟುವುದಿಲ್ಲ, ನಮ್ಮವರೇ ಹತ್ತಿಪ್ಪತ್ತು ಜನ ಸೇರಿ ಮಾಡಿಕೊಂಡ ಗುಂಪಿಗೆ ಕಟ್ಟುತ್ತೇವೆ ಎಂದರು. ಸಂಸ್ಥೆ ಆ ಮಾತನ್ನು ಕೇಳಿತು. ಹಾಗೆ ಬೆಳೆದ ಸಣ್ಣ ಗುಂಪುಗಳಿಗೆ 1987ರಲ್ಲಿ ನಬಾರ್ಡ್ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಶುರುವಾಯಿತು. ಇವತ್ತು ದೇಶದ ಮೂಲೆಮೂಲೆಯಲ್ಲೂ ಇರುವ ಮಹಿಳಾ ಸಂಘಗಳ ಬೇರಿನಲ್ಲಿ ಹೀಗೆ ಮುಖಂಡರನ್ನು ಒಪ್ಪದ ಸದಸ್ಯರಿದ್ದಾರೆ.

ಹೊಸದಾಗಿ ಸೇರಿದ ಕ್ಷೇತ್ರ ಕಾರ್ಯಕರ್ತರಿಗೆ ನಾನು ಮೊದಲು ಹೇಳುವುದು ಇದನ್ನೇ. ಕಂತು ನಿಂತಿದೆ ಎಂದರೆ ಮನೆಮನೆಗೆ ಹೋಗಿ ಒತ್ತಾಯ ಮಾಡುವ ಮೊದಲು ನಡಾವಳಿ ಪುಸ್ತಕ ತೆಗೆದು ನೋಡಿ. ಕಳೆದ ಮೂರು ಸಾಲ ಯಾರಿಗೆ ಹೋಗಿದೆ? ಸಾಲ ಕೊಡುವ ತೀರ್ಮಾನವಾದ ದಿನ ಸಭೆಯಲ್ಲಿ ಎಷ್ಟು ಜನ ಇದ್ದರು? ಪ್ರತಿನಿಧಿ ಬದಲಾಗಿ ಎಷ್ಟು ಕಾಲವಾಯಿತು? ಬಾಕಿಯ ಕಾರಣ ಬಹಳ ಸಲ ಅಲ್ಲೇ ಸಿಗುತ್ತದೆ.

ಒಳ್ಳೆಯ ಸಂಘಗಳು ಪಾಲಿಸಿಕೊಂಡು ಬಂದ ಒಂದು ರೂಢಿ ಇದೆ. ಹಣದ ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಹತ್ತಿರ, ಪುಸ್ತಕಗಳು ಮತ್ತೊಬ್ಬರ ಬಳಿ. ಸಭೆಗೆ ಮೂವರೂ ಬಂದರೆ ಮಾತ್ರ ಪೆಟ್ಟಿಗೆ ತೆರೆಯುತ್ತದೆ. ಕೋಟಿ ರೂಪಾಯಿ ವಹಿವಾಟಿನ ಸಂಸ್ಥೆಗಳಲ್ಲಿ ಚೆಕ್ ಪುಸ್ತಕ, ಆನ್‌ಲೈನ್ ಬ್ಯಾಂಕಿಂಗಿನ ಪಾಸ್‌ವರ್ಡ್, ಬೀರುವಿನ ಬೀಗದ ಕೈ ಮೂರೂ ಒಬ್ಬರ ಬಳಿಯೇ ಇರುವುದನ್ನು ನೋಡಿದ್ದೇನೆ. ಆ ವ್ಯಕ್ತಿ ಎಷ್ಟೇ ಪ್ರಾಮಾಣಿಕರಾಗಿರಲಿ, ಇದು ನಿಲ್ಲಬೇಕು. ಅವರ ಮೇಲೆ ನಾಳೆ ಸುಳ್ಳು ಆರೋಪ ಬಂದರೆ ಅವರನ್ನು ಕಾಯಲೂ ದಾರಿ ಇರುವುದಿಲ್ಲ.

2. ಸಭೆಯ ಹೊತ್ತು ನಿಗದಿ ಮಾಡುವಾಗಲೇ ಯಾರು ಹೊರಗುಳಿಯುತ್ತಾರೆ ಎಂಬುದೂ ನಿಗದಿಯಾಗುತ್ತದೆ

ನಮ್ಮ ಕಡೆಯ ಹಾಡಿಗಳಿಂದ ಕಾಫಿ ಕೊಯ್ಲಿನ ಕಾಲದಲ್ಲಿ ಹೆಂಗಸರು, ಗಂಡಸರು ಕೊಡಗಿನ ತೋಟಗಳಿಗೆ ಹೋಗುತ್ತಾರೆ. ಡಿಸೆಂಬರ್ ಬಂದರೆ ಬೆಳಕು ಹರಿಯುವ ಮೊದಲೇ ಜೀಪು ಹಾಡಿಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಕೆಲವರು ಅಲ್ಲೇ ಲೈನ್ ಮನೆಯಲ್ಲಿ ಉಳಿದುಬಿಡುತ್ತಾರೆ. ಮಳೆಗಾಲದಲ್ಲಿ ಪಿರಿಯಾಪಟ್ಟಣ, ಹುಣಸೂರು ಕಡೆ ಹೊಗೆಸೊಪ್ಪು ಮುರಿಯುವ, ಕೋಲಿಗೆ ಕಟ್ಟುವ ಕೆಲಸ. ಸೊಪ್ಪು ಒಣಗಿಸುವ ಬ್ಯಾರನ್ನಿಗೆ ಬೆಂಕಿ ಹಾಕಿದ ಮನೆಯವರು ರಾತ್ರಿ ನಿದ್ದೆಗೆಟ್ಟು ಉರಿ ನೋಡಿಕೊಳ್ಳಬೇಕು. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಭತ್ತದ ನಾಟಿ ಶುರುವಾದರೆ ಅಲ್ಲಿಯೂ ಹೀಗೆಯೇ.

ಇಂಥ ಕಡೆ ಬೆಳಿಗ್ಗೆ 11ಕ್ಕೆ ತಾಲ್ಲೂಕು ಕೇಂದ್ರದಲ್ಲಿ ಸಭೆ ಇಟ್ಟರೆ ಬರುವವರು ಯಾರು? ಕೂಲಿಗೆ ಹೋಗಬೇಕಾದ ಅಗತ್ಯವಿಲ್ಲದವರು. ಪ್ರತಿ ಸಭೆಯಲ್ಲೂ ಅವರೇ ಕೂತು, ಅವರೇ ಮಾತಾಡಿ, ಕೊನೆಗೆ ಅವರೇ ಫಲಾನುಭವಿಗಳ ಪ್ರತಿನಿಧಿಗಳಾಗುತ್ತಾರೆ. ಆಮೇಲೆ ನಮ್ಮ ವರದಿಯಲ್ಲಿ ‘ಸಮುದಾಯದ ಸಹಭಾಗಿತ್ವ ಉತ್ತಮವಾಗಿತ್ತು’ ಎಂದು ಬರೆಯುತ್ತೇವೆ.

ಸಭೆಯನ್ನು ಸಂಜೆ ಏಳರ ಮೇಲೆ, ಹಾಡಿಯ ಅಂಗನವಾಡಿ ಜಗಲಿಯಲ್ಲೋ ಮರದಡಿಯಲ್ಲೋ ಇಡಿ. ಆನೆ ಓಡಾಡುವ ಕಡೆಯಾದರೆ ಬೇರೆ ಹಾಡಿಯವರನ್ನು ಕತ್ತಲಲ್ಲಿ ನಡೆಸಬೇಡಿ, ನಾವೇ ಎರಡು ಕಡೆ ಎರಡು ಸಭೆ ಮಾಡೋಣ. ದಿನದ ಕೂಲಿ ಬಿಟ್ಟು ಬರಲೇಬೇಕಾದ ಸಭೆಯಾದರೆ ಆ ದಿನದ ಕೂಲಿಯನ್ನು ಸಂಸ್ಥೆ ಕೊಡಬೇಕು. ಮೈಸೂರಿನಿಂದ ಬರುವ ಸಂಪನ್ಮೂಲ ವ್ಯಕ್ತಿಗೆ ಗೌರವಧನ, ಪ್ರಯಾಣ ಭತ್ಯೆ ಕೊಡುತ್ತೇವೆ. ಕೂಲಿ ಕಳೆದುಕೊಂಡು ಬಂದ ಆಡಳಿತ ಮಂಡಳಿ ಸದಸ್ಯೆಗೆ ಚಹಾ, ಬಿಸ್ಕತ್ತು ಕೊಟ್ಟು ಕಳಿಸುವುದು ನ್ಯಾಯವಲ್ಲ.

3. ಬರೆದ ಠರಾವನ್ನು ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಸಹಿ ಕೇಳಿ

ಒಂದು ಹಾಡಿಯ ಸಭೆಯ ಕೊನೆಯಲ್ಲಿ ಪುಸ್ತಕ ಕೈಯಿಂದ ಕೈಗೆ ಹೋಗುತ್ತಿತ್ತು, ಜೊತೆಗೆ ಇಂಕ್ ಪ್ಯಾಡು. ವಯಸ್ಸಾದ ಹೆಂಗಸೊಬ್ಬರು ಹೆಬ್ಬೆಟ್ಟನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡೇ ಕೂತರು. ‘ಯಾಕವ್ವ?’ ಎಂದು ಕೇಳಿದೆ. ‘ಏನ್ ಬರ್ದಿದ್ದೀರ ಅಂತ ಮೊದ್ಲು ಓದ್ಬುಡಿ ಸಾ, ಆಮೇಲೆ ಒತ್ತೀನಿ’ ಎಂದರು. ಓದಿದೆವು. ಹತ್ತು ಮನೆಗೆ ಎಂದು ಮಾತಾಗಿದ್ದ ಶೌಚಾಲಯ ಪುಸ್ತಕದಲ್ಲಿ ‘ಆಯ್ದ ಮನೆಗಳಿಗೆ’ ಎಂದಾಗಿತ್ತು. ಅಲ್ಲಿಯೇ ತಿದ್ದಿಸಿದರು. ಒಳ್ಳೆಯ ಆಡಳಿತದ ಬಗ್ಗೆ ನಾನು ಕೇಳಿದ ಯಾವ ಉಪನ್ಯಾಸವೂ ಆ ಅವ್ವನ ಮಾತಿಗೆ ಸಮನಾಗಿರಲಿಲ್ಲ.

ಕಾನೂನೂ ಇದನ್ನೇ ಬಯಸುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಿಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಅರಣ್ಯ ಹಕ್ಕು ಸಮಿತಿಯಲ್ಲಿ 10ರಿಂದ 15 ಜನ, ಅದರಲ್ಲಿ ಮೂರನೇ ಎರಡು ಭಾಗ ಪರಿಶಿಷ್ಟ ಪಂಗಡದವರು. ಸರ್ಕಾರ ಹಾಡಿಯ ಸಭೆಗೆ ಇಂಥ ಕೋರಂ ಹಾಕಿರುವಾಗ, ಆ ಹಾಡಿಯ ಹೆಸರಿನಲ್ಲಿ ನಡೆಯುವ ನಮ್ಮ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಹಾಡಿಯವರು ಎಷ್ಟು ಜನ ಇದ್ದಾರೆ ಎಂದು ನಾವು ಕೇಳಿಕೊಳ್ಳಬೇಕು. ನಮ್ಮ ನಿಯಮಾವಳಿಯಲ್ಲೂ ಇದೇ ಪ್ರಮಾಣ ಬರೆದುಕೊಳ್ಳಲು ಯಾವ ಅಡ್ಡಿಯೂ ಇಲ್ಲ.

4. ಪಟ್ಟಿಯಲ್ಲಿ ಇಲ್ಲದವರನ್ನು ಹುಡುಕಿ

ನಾಗರಹೊಳೆಯಿಂದ ಹೊರಬಂದವರು ಎಷ್ಟು ಮನೆಯವರು ಎಂಬುದಕ್ಕೆ ಬಹಳ ಕಾಲ ಎಲ್ಲರೂ ಒಪ್ಪುವ ಲೆಕ್ಕ ಇರಲಿಲ್ಲ. ಹುಣಸೂರಿನ ಡೀಡ್ ಸಂಸ್ಥೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. ಹೈಕೋರ್ಟ್ ನೇಮಿಸಿದ, ಪ್ರೊ. ಮುಜಾಫರ್ ಅಸ್ಸಾದಿ ಅವರ ಅಧ್ಯಕ್ಷತೆಯ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ 3,418 ಕುಟುಂಬಗಳು ಎಂದು ಬಂತು. ಅಷ್ಟು ಮನೆಗಳು ಒಂದು ಅಂಕಿಯಾಗಲು ದಶಕಗಳು ಹಿಡಿದವು. ವರದಿ ಬಂದ ಮೇಲೂ ಪುನರ್ವಸತಿಗಾಗಿ ಹಾಡಿಯವರು ಕಚೇರಿಗಳ ಮುಂದೆ ಧರಣಿ ಕೂರುವುದು ತಪ್ಪಿಲ್ಲ.

ಸಂಸ್ಥೆಗಳ ಪಟ್ಟಿಗಳಲ್ಲೂ ಇದೇ ಆಗುತ್ತದೆ. ರಸ್ತೆ ಬದಿಯ ಹಾಡಿಗೆ ನಾಲ್ಕು ಸಂಸ್ಥೆ, ಒಳಗಿನ ಹಾಡಿಗೆ ಒಂದೂ ಇಲ್ಲ. ಆಧಾರ್ ಇಲ್ಲದವರು, ತೋಟದ ಲೈನ್ ಮನೆಯಲ್ಲೇ ಉಳಿದವರು, ಗಂಡ ಬಿಟ್ಟುಹೋದವರು, ಮನೆಯಿಂದ ಹೊರಗೆ ಬರಲಾಗದ ಅಂಗವಿಕಲರು ಸಮೀಕ್ಷೆಯ ದಿನ ಸಿಗುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಹಾಡಿಯ ಯಜಮಾನರನ್ನೂ ಆಶಾ ಕಾರ್ಯಕರ್ತೆಯನ್ನೂ ಕೂರಿಸಿಕೊಂಡು ‘ನಮ್ಮ ಪಟ್ಟಿಯಲ್ಲಿ ಯಾರು ಬಿಟ್ಟುಹೋಗಿದ್ದಾರೆ?’ ಎಂದು ಕೇಳಿ, ಸಿಕ್ಕ ಹೆಸರುಗಳನ್ನು ಆಡಳಿತ ಮಂಡಳಿಯ ಮುಂದೆ ಓದಿ.

5. ಅಧಿಕಾರ ಎಲ್ಲವೂ ಒಂದೇ ಕಡೆ ಸೇರದಂತೆ ನೋಡಿಕೊಳ್ಳಿ

ಬೈಲಕುಪ್ಪೆಯ ಟಿಬೆಟನ್ ನೆಲೆಗೆ ಹೊರಗಿನಿಂದ ಬಂದವರು ಸುವರ್ಣ ದೇವಾಲಯ ಎಂದು ಹೆಸರಾದ ನಾಮ್‌ಡ್ರೋಲಿಂಗ್ ಮಠವನ್ನು, ಸೆರಾ ಮಠವನ್ನು ನೋಡಿ ಹೋಗುತ್ತಾರೆ. ನನ್ನ ಗಮನ ಹೋದದ್ದು ಅಲ್ಲಿನ ಆಡಳಿತದ ಕಡೆ. ಊರಿಗೊಂದು ಕ್ಯಾಂಪು, ಕ್ಯಾಂಪಿಗೆ ಅಲ್ಲಿನವರೇ ಆರಿಸಿದ ಮುಖಂಡ. ಧರ್ಮಶಾಲೆಯಲ್ಲಿರುವ ಟಿಬೆಟನ್ ಆಡಳಿತದ ಪರವಾಗಿ ವಸಾಹತು ಅಧಿಕಾರಿ. ಬೇಸಾಯ, ವ್ಯಾಪಾರಗಳಿಗೆ ಸಹಕಾರ ಸಂಘ, ಅದಕ್ಕೆ ಬೇರೆ ನಿರ್ದೇಶಕರು. ಮಠಗಳ ಆಡಳಿತ ಮತ್ತೆ ಬೇರೆ. ಒಬ್ಬರ ಮೇಲೆ ಬೇಸರವಾದರೆ ಇನ್ನೊಬ್ಬರ ಬಾಗಿಲಿಗೆ ಹೋಗಬಹುದು. ಸ್ಥಾಪಕರೇ ಅಧ್ಯಕ್ಷ, ಹೆಂಡತಿ ಖಜಾಂಚಿ, ಭಾವಮೈದುನ ಕಾರ್ಯದರ್ಶಿ ಎಂಬಂತಿರುವ ನಮ್ಮ ಎಷ್ಟೋ ಸಂಸ್ಥೆಗಳಲ್ಲಿ ನೊಂದವರಿಗೆ ಹೋಗಲು ಇನ್ನೊಂದು ಬಾಗಿಲು ಇಲ್ಲ.

ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಇದ್ದರೆ ಸಂಘ ನೋಂದಣಿಯಾಗುತ್ತದೆ. ಆ ಏಳರಲ್ಲಿ ಒಂದೇ ಮನೆಯವರು ಇಬ್ಬರಿಗಿಂತ ಹೆಚ್ಚಿರಬಾರದು ಎಂದು ನಾವೇ ಕಟ್ಟುಪಾಡು ಹಾಕಿಕೊಳ್ಳಬೇಕು. ವಾರ್ಷಿಕ ಮಹಾಸಭೆ ನಡೆಸಿ, ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರವನ್ನು ಸಹಕಾರ ಇಲಾಖೆಯ ಜಿಲ್ಲಾ ರಿಜಿಸ್ಟ್ರಾರ್ ಕಚೇರಿಗೆ ಪ್ರತಿ ವರ್ಷ ಸಲ್ಲಿಸಬೇಕು. ವರ್ಷಗಟ್ಟಲೆ ಬಿಟ್ಟು ಒಟ್ಟಿಗೆ ಸಲ್ಲಿಸಲು ಓಡುವ ಸಂಸ್ಥೆಗಳಲ್ಲಿ ಮಹಾಸಭೆ ನಡೆದದ್ದು ಕಾಗದದ ಮೇಲೆ ಮಾತ್ರ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಟಿಬೆಟನ್ನರ ಸಂಸ್ಥೆಗಳಿಗೂ ನಾನು ಒಂದು ಮಾತು ಹೇಳಬೇಕು. ಅವರ ಜಮೀನನ್ನು ಗುತ್ತಿಗೆಗೆ ಮಾಡುವವರು, ಕಟ್ಟಡ ಕೆಲಸಕ್ಕೆ, ಅಂಗಡಿ ಕೆಲಸಕ್ಕೆ ಹೋಗುವವರು ಸುತ್ತಲಿನ ಕನ್ನಡದ ಊರಿನವರು. ನೀರು, ಕಸ, ಪ್ರವಾಸಿಗರ ವಾಹನ ಎರಡೂ ಕಡೆಯವರ ಬದುಕನ್ನು ಮುಟ್ಟುತ್ತವೆ. ಜಗಳವಾದ ಮೇಲೆ ಪೊಲೀಸ್ ಠಾಣೆಯಲ್ಲಿ ಸೇರುವ ಬದಲು, ಮೊದಲೇ ಸೇರಿ ಮಾತಾಡಲು ಎರಡೂ ಕಡೆಯವರ ಒಂದು ಖಾಯಂ ಸಮಿತಿ ಬೇಕು, ಅದರಲ್ಲಿ ಕೂಲಿ ಮಾಡುವ ಹೆಂಗಸರೂ ಇರಬೇಕು.

6. ಆಡಳಿತಕ್ಕೂ ಖರ್ಚಿದೆ ಎಂದು ದಾನಿಗಳಿಗೆ ಹೇಳಿ

ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಆ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವಂತೆಯೂ ಇಲ್ಲ. ದೊಡ್ಡ ಸಂಸ್ಥೆಯ ಮೂಲಕ ಅಷ್ಟಿಷ್ಟು ಪಡೆಯುತ್ತಿದ್ದ ಹಾಡಿಮಟ್ಟದ ಸಂಘಗಳಿಗೆ ಇದರಿಂದ ಏಟು ಬಿದ್ದಿದೆ. ಅಂಥ ಸಂಘಗಳಿಗೆ ಕಂಪನಿಗಳ ಸಿಎಸ್ಆರ್ ಅರ್ಜಿ ಬರೆಯಲು, ಪಂಚಾಯಿತಿಯ ಯೋಜನೆಯಲ್ಲಿ ತಮ್ಮ ಕೆಲಸ ಸೇರಿಸಲು ಕಲಿಸುವುದು ಈಗ ದೊಡ್ಡ ಸಂಸ್ಥೆಗಳ ಹೊಣೆ. ಹಣ ಕಡಿಮೆಯಾಯಿತೆಂದು ಬಿಡಲಾಗದ ಆಡಳಿತದ ಕೆಲಸಗಳೂ ಇವೆ, ಅವುಗಳ ಖರ್ಚನ್ನು ದಾನಿಗಳಿಗೆ ಹೇಳಬೇಕು. ಹತ್ತು ಜನ ನೌಕರರಿದ್ದರೆ ಲೈಂಗಿಕ ಕಿರುಕುಳ ತಡೆಗೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿ, ಅದರಲ್ಲಿ ಹೊರಗಿನ ಸದಸ್ಯರೊಬ್ಬರು ಇರಲೇಬೇಕು. ಸ್ಕೂಟರಿನಲ್ಲಿ ಒಬ್ಬಳೇ ಹಾಡಿ ಸುತ್ತುವ ಹುಡುಗಿಗೆ ಆ ಸಮಿತಿಯವರ ಫೋನ್ ನಂಬರ್ ಕೆಲಸಕ್ಕೆ ಸೇರಿದ ದಿನವೇ ಸಿಗಬೇಕು.

7. ಮುಂದಿನವರನ್ನು ತಯಾರು ಮಾಡಲು ವರ್ಷಗಳು ಬೇಕು

ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಮೈಸೂರಿನಲ್ಲಿ ವೈದ್ಯ ವಿದ್ಯಾರ್ಥಿಗಳಾಗಿದ್ದಾಗ, 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಆಗಿನ ಕೋಟೆ ತಾಲ್ಲೂಕಿನ ಕೆಂಚನಹಳ್ಳಿಯಲ್ಲಿ ಆಸ್ಪತ್ರೆ, ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳ ಶಾಲೆ, ಆಮೇಲೆ ಸರಗೂರಿನ ಆಸ್ಪತ್ರೆ ಬಂದವು. ಸ್ಥಾಪಕರು ದಿನನಿತ್ಯದ ಹೊಣೆಯನ್ನು ಬೇರೆಯವರಿಗೆ ಬಿಟ್ಟು ಬೇರೆ ಕೆಲಸಕ್ಕೆ ಹೋದ ಮೇಲೂ ಸಂಸ್ಥೆ ನಡೆಯುತ್ತಿದೆ. ಇದನ್ನು ನಾನು ಅದರ ಕಟ್ಟಡಗಳಿಗಿಂತ ದೊಡ್ಡ ಸಾಧನೆ ಎಂದು ಎಣಿಸುತ್ತೇನೆ.

ಇನ್ನು ಮುಂದಿನ ಹೆಜ್ಜೆ ಹಾಡಿಯ ಮಕ್ಕಳದ್ದಾಗಬೇಕು. ಓದಿದ ಜೇನುಕುರುಬರ, ಯರವರ ಹುಡುಗ ಹುಡುಗಿಯರನ್ನು ನಾವು ಕ್ಷೇತ್ರ ಕಾರ್ಯಕರ್ತರಾಗಿ ತೆಗೆದುಕೊಳ್ಳುತ್ತೇವೆ. ಎಷ್ಟೋ ವರ್ಷ ಕಳೆದರೂ ಅವರು ಅದೇ ಹುದ್ದೆಯಲ್ಲಿ ಇರುತ್ತಾರೆ, ಅವರ ಮೇಲೆ ಪೇಟೆಯಿಂದ ಬಂದ ಸಂಯೋಜಕರು ಬದಲಾಗುತ್ತಲೇ ಇರುತ್ತಾರೆ. ಇದನ್ನು ಮುರಿಯಲು ನಾನು ಹೇಳುವ ಕ್ರಮ ಸರಳವಾಗಿದೆ. ಮೊದಲ ವರ್ಷ ಅವರಲ್ಲಿ ಇಬ್ಬರನ್ನು ಬಜೆಟ್ ಮಾಡುವ ಸಭೆಗೆ ಕೂರಿಸಿ, ಪ್ರತಿ ಬಾಬ್ತನ್ನೂ ಕನ್ನಡದಲ್ಲಿ ವಿವರಿಸಿ. ಎರಡನೆಯ ವರ್ಷ ಒಬ್ಬರಿಗೆ ಬ್ಯಾಂಕಿನಲ್ಲಿ ಜಂಟಿ ಸಹಿಯ ಅಧಿಕಾರ ಕೊಡಿ. ಮೂರನೆಯ ವರ್ಷ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕ ಮಂಡಿಸುವುದು ಅವರೇ ಆಗಲಿ. ಸದಸ್ಯರು ಪ್ರಶ್ನೆ ಕೇಳಿದಾಗ ಹಿರಿಯರು ಮಧ್ಯೆ ಬಾಯಿ ಹಾಕದೆ, ಅವರಾಗಿ ಸಹಾಯ ಕೇಳುವ ತನಕ ಕಾಯಲಿ. ಆ ಮಹಾಸಭೆಯನ್ನು ಯಾವುದಾದರೂ ಹಾಡಿಯಲ್ಲೇ ಇಟ್ಟುಕೊಳ್ಳಿ, ಲೆಕ್ಕದ ಹಾಳೆಯನ್ನು ಒಂದು ವಾರ ಮೊದಲೇ ಅಂಗನವಾಡಿಯ ಗೋಡೆಗೆ ಅಂಟಿಸಿ, ಓದಲು ಬಾರದವರಿಗೆ ಅದನ್ನು ಓದಿ ಹೇಳುವ ಕೆಲಸವನ್ನು ಹೆಸರು ಹಿಡಿದು ಒಬ್ಬರಿಗೆ ವಹಿಸಿ.