ಒಬ್ಬರೇ ಹಾಡಲಾಗದ ಪದ



ಭಾನುವಾರದ ಬಲಿಪೂಜೆಯಲ್ಲಿ ಶುಭಸಂದೇಶ ವಾಚನಕ್ಕೆ ಮುನ್ನ ನಾವೆಲ್ಲರೂ ಎದ್ದು ನಿಂತು 'ಅಲ್ಲೆಲೂಯ' ಎಂದು ಹಾಡುತ್ತೇವೆ. ನಮ್ಮ ಪುಟ್ಟೇನಹಳ್ಳಿಯಲ್ಲಿ ಕನ್ನಡ, ತಮಿಳು, ಕೊಂಕಣಿ, ಮಲಯಾಳ ಮನೆಮಾತಿನವರು ಅಕ್ಕಪಕ್ಕದಲ್ಲೇ ಇದ್ದಾರೆ. ಪೂಜೆಯ ಭಾಷೆ ಬದಲಾದರೂ ಈ ಪದ ಬದಲಾಗುವುದಿಲ್ಲ. ಏಕೆಂದರೆ ಇದು ಕೀರ್ತನೆಗಳ ಮೂಲ ಭಾಷೆಯಾದ ಹೀಬ್ರೂವಿನ ಪದ. ಇದರ ಅರ್ಥವೇನೆಂದು ನಿಮ್ಮ ಮಗು ಕೇಳಿದರೆ ಏನು ಹೇಳುತ್ತೀರಿ? ಒಂದು ಹಾಡಿನ ಸ್ಪರ್ಧೆಯ ಕಥೆಯಿಂದ ಆರಂಭಿಸೋಣ.

ಜೆರುಸಲೇಮಿನ ಆ ರಾತ್ರಿ

'ಯುರೋವಿಷನ್' ಎಂಬುದು 1956ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಹಾಡಿನ ಸ್ಪರ್ಧೆ. ಪ್ರತಿ ದೇಶದ ದೂರದರ್ಶನ ಸಂಸ್ಥೆಯೂ ಒಂದೊಂದು ಹಾಡನ್ನು ಕಳುಹಿಸುತ್ತದೆ. ಯುರೋಪಿನ ಹೊರಗಿದ್ದರೂ ಇಸ್ರೇಲ್ 1973ರಲ್ಲಿ ಮೊದಲ ಬಾರಿ ಇದರಲ್ಲಿ ಭಾಗವಹಿಸಿತು. 1979ರ ಮಾರ್ಚ್ 31ರಂದು ಸ್ಪರ್ಧೆ ಜೆರುಸಲೇಮಿನಲ್ಲೇ ನಡೆಯಿತು. ಬಂದಿದ್ದ ದೇಶಗಳು 19. ಪ್ರತಿ ದೇಶವೂ ತನ್ನ ಭಾಷೆಯಲ್ಲೇ ಹಾಡಬೇಕೆಂಬುದು ಆಗಿನ ನಿಯಮ.

ಇಸ್ರೇಲಿನ ಹಾಡಿನ ಹೆಸರು 'ಹಲ್ಲೆಲೂಯ'. ನಾವು ಪೂಜೆಯಲ್ಲಿ ಹಾಡುವ ಪದವೇ ಅದು. ಶಿಮ್ರಿತ್ ಓರ್ ಬರೆದು ಕೋಬಿ ಓಶ್ರತ್ ರಾಗ ಹಾಕಿದ ಆ ಗೀತೆ ದೇವಾಲಯದ ಹಾಡಲ್ಲ; ಜನ ಮೆಚ್ಚುವ ಸರಳ ಹಾಡು. ಗಾಲಿ ಅಟಾರಿ ಎಂಬ ಗಾಯಕಿ ವೇದಿಕೆಯಲ್ಲಿ ಒಬ್ಬರೇ ಹಾಡತೊಡಗಿದರು. ಬಳಿಕ ಮೂವರು ಗಾಯಕರು ಒಬ್ಬೊಬ್ಬರಾಗಿ ಬಂದು ದನಿಗೂಡಿಸಿದರು. ಆ ತಂಡದ ಹೆಸರು 'ಹಾಲು ಮತ್ತು ಜೇನು'. ದೇವರು ವಾಗ್ದಾನ ಮಾಡಿದ ನಾಡಿನ ವರ್ಣನೆಯಿಂದಲೇ ಬಂದದ್ದು (ವಿಮೋಚನಾಕಾಂಡ 3:8).

ಅಂಕಗಳ ಎಣಿಕೆ ಕೊನೆಗೆ ಬಂದಾಗ ಸ್ಪೇನ್ 116, ಇಸ್ರೇಲ್ 115. ಉಳಿದಿದ್ದದ್ದು ಒಂದೇ ದೇಶದ ಅಂಕ, ಅದೂ ಸ್ಪೇನಿನದೇ! ಯಾವ ದೇಶವೂ ತನಗೆ ತಾನೇ ಅಂಕ ಹಾಕಿಕೊಳ್ಳುವಂತಿಲ್ಲ. ಸ್ಪೇನಿನ ತೀರ್ಪುಗಾರರು ಇಸ್ರೇಲಿಗೆ 10 ಅಂಕ ಕೊಟ್ಟಿದ್ದರು. ಇಸ್ರೇಲ್ 125 ಅಂಕಗಳಿಂದ ಗೆದ್ದಿತು, ಸ್ಪೇನ್ ಎರಡನೆಯದಾಯಿತು. ಹಾಡು ಚೆನ್ನಾಗಿದೆ ಎಂದು ಒಪ್ಪಿದ್ದರಿಂದಲೇ ಅವರು ಸೋತರು.

ನಮ್ಮ ಟೆಂಪೋದಲ್ಲಿ

ಇದನ್ನು ನೆನೆದಾಗ ನನಗೆ ನಾಚಿಕೆಯಾಗುತ್ತದೆ. ಕಳೆದ ಕ್ರಿಸ್ಮಸ್ ಸಮಯದಲ್ಲಿ ನಮ್ಮ ಯುವಜನರು ಕ್ಯಾರಲ್ ಸ್ಪರ್ಧೆಗೆ ಹೋಗಿ ಎರಡನೇ ಬಹುಮಾನ ಪಡೆದರು. ಹಿಂದಿರುಗುವಾಗ ಟೆಂಪೋದಲ್ಲಿ ಹಾಡಿನ ಮಾತೇ ಇಲ್ಲ, ತೀರ್ಪುಗಾರರದೇ ಮಾತು. "ಎಲ್ಲಾ ಮೊದಲೇ ತೀರ್ಮಾನ ಆಗಿತ್ತು" ಎಂದರೊಬ್ಬರು. ನಾನು ತಡೆಯಬೇಕಿತ್ತು. ತಡೆಯಲಿಲ್ಲ, ನಾನೂ ಒಂದು ಮಾತು ಸೇರಿಸಿದೆ. ಆಗ ಹಿಂದಿನ ಸೀಟಿನಿಂದ ಒಂದು ಪುಟ್ಟ ಹುಡುಗಿ ಕೇಳಿದಳು: "ಆದರೆ ಫಾದರ್, ಅವರು ಚೆನ್ನಾಗಿ ಹಾಡಿದ್ರು ಅಲ್ವಾ?"

ಯಾರೂ ಉತ್ತರ ಕೊಡಲಿಲ್ಲ. ಗೆದ್ದ ಗಾನವೃಂದದವರು ಎದುರಾದರೆ ನಮ್ಮ ಕೆಲವರು ಇಂದಿಗೂ ಮುಖ ತಿರುಗಿಸುತ್ತಾರೆ. ಆದರೆ ಭಾನುವಾರ ಬಂದರೆ ನಾವೂ ಅವರೂ ಹಾಡುವುದು ಅದೇ ಅಲ್ಲೆಲೂಯ!

ಪದದ ಒಳಗೆ ಏನಿದೆ?

'ಹಲ್ಲೆಲು' ಎಂದರೆ 'ಸ್ತುತಿಸಿರಿ'. 'ಯಾ' ಎಂಬುದು ಸರ್ವೇಶ್ವರನ ನಾಮದ ಹ್ರಸ್ವರೂಪ. 'ಸ್ತುತಿಸುತ್ತೇನೆ' ಎಂದಲ್ಲ, 'ಸ್ತುತಿಸಿರಿ' ಎಂದು, ಅದೂ ಬಹುವಚನದಲ್ಲಿ. ಹಾಡುವವನು ಪಕ್ಕದವರನ್ನು ಕರೆಯುತ್ತಿದ್ದಾನೆ. ಪಕ್ಕದವರು ಬೇಡವೆನ್ನುವವನು ಈ ಪದವನ್ನು ಉಚ್ಚರಿಸಬಹುದೇ ಹೊರತು ಹಾಡಲಾರ.

ಕೀರ್ತನೆ 113ರಿಂದ 118ರವರೆಗಿನ ಸ್ತುತಿಗೀತೆಗಳನ್ನು ಯೆಹೂದ್ಯರು ಪಾಸ್ಕ ಹಬ್ಬದಲ್ಲಿ ಹಾಡುತ್ತಾರೆ. ಕಡೆಯ ಭೋಜನದ ನಂತರ ಯೇಸುಸ್ವಾಮಿ ಶಿಷ್ಯರೊಡನೆ ಸ್ತುತಿಗೀತೆ ಹಾಡಿ ಓಲಿವ್ ಗುಡ್ಡಕ್ಕೆ ಹೊರಟರೆಂದು ಸಂತ ಮಾರ್ಕನು ಬರೆದಿದ್ದಾನೆ (14:26). ಅವರ ಜೊತೆ ಹಾಡಿದವರು ಯಾರು? ಇನ್ನು ಕೆಲವೇ ಗಂಟೆಗಳಲ್ಲಿ ಅವರನ್ನು ಬಿಟ್ಟು ಓಡಿಹೋಗಲಿದ್ದವರು. ಅದನ್ನು ಅರಿತೂ ಪ್ರಭು ಅವರೊಡನೆ ಹಾಡಿದರು.

ಸಂತ ಥಾಮಸ್ ಅಕ್ವೀನರು ಮತ್ಸರವನ್ನು 'ಪರರ ಒಳಿತಿಗಾಗಿ ಪಡುವ ದುಃಖ' ಎಂದು ವಿವರಿಸುತ್ತಾರೆ. ಪರರ ಮಗನಿಗೆ ಹೆಚ್ಚು ಮಾರ್ಕ್ಸು ಬಂದಾಗ, ನಾದಿನಿಯ ಮನೆಗೆ ಗೃಹಪ್ರವೇಶವಾದಾಗ ನಮ್ಮ ಎದೆಯಲ್ಲಿ ಚುಚ್ಚುವುದು ಅದೇ. ವರಗಳನ್ನು ಕೊಡುವ ಆತ್ಮರು ಒಬ್ಬರೇ ಎಂದು ಸಂತ ಪೌಲರು ಕಲಿಸಿದ್ದಾರೆ (1 ಕೊರಿಂಥ 12). ಹಾಗಿರುವಾಗ ಪರರ ವರಕ್ಕೆ ಕೊರಗುವವನು ಕೊಟ್ಟ ದೇವರ ಮೇಲೆಯೇ ದೂರುತ್ತಿದ್ದಾನೆ.

ಮತ್ತೊಮ್ಮೆ ಅದೇ ಹಾಡು

1999ರ ಮೇ 29ರಂದು ಸ್ಪರ್ಧೆ ಪುನಃ ಜೆರುಸಲೇಮಿನಲ್ಲಿ ನಡೆಯಿತು. ಆಗ ಬಾಲ್ಕನ್ ನಾಡುಗಳಲ್ಲಿ ಯುದ್ಧ ನಡೆದಿತ್ತು. ಕೊನೆಯಲ್ಲಿ, ಗೆದ್ದವರೂ ಸೋತವರೂ ಒಟ್ಟಾಗಿ ನಿಂತು ಯುದ್ಧಕ್ಕೆ ಬಲಿಯಾದವರ ನೆನಪಿಗಾಗಿ ಅದೇ 'ಹಲ್ಲೆಲೂಯ'ವನ್ನು ಹಾಡಿದರು. ಅಂದು ಗೆಲ್ಲಲು ಹಾಡಿದ ಹಾಡು ಇಂದು ಎಲ್ಲರ ಹಾಡಾಯಿತು. ಆ ಪುಣ್ಯಭೂಮಿಯ ತಾಯಂದಿರ ಕಣ್ಣೀರು ಇನ್ನೂ ಆರಿಲ್ಲ. ಎರಡೂ ಕಡೆಯವರನ್ನು ನಮ್ಮ ಜಪಮಾಲೆಯಲ್ಲಿ ನೆನೆಯೋಣ.

ಈ ವಾರ ಮನೆಯಲ್ಲಿ

1. ಸಂಜೆಯ ಪ್ರಾರ್ಥನೆಯಲ್ಲಿ ಪ್ರತಿಯೊಬ್ಬರೂ ಮನೆಯ ಹೊರಗಿನ ಒಬ್ಬರ ಯಶಸ್ಸಿಗಾಗಿ ಹೆಸರು ಹೇಳಿ ದೇವರಿಗೆ ವಂದಿಸಿರಿ.
2. ಮಕ್ಕಳು ಸ್ಪರ್ಧೆಯಿಂದ ಬಂದಾಗ "ಎಷ್ಟನೇ ಸ್ಥಾನ?" ಎನ್ನುವ ಮೊದಲು "ಯಾರು ಚೆನ್ನಾಗಿ ಮಾಡಿದರು?" ಎಂದು ಕೇಳಿರಿ.
3. ಮುಖ ತಿರುಗಿಸಿದವರಲ್ಲಿ ಒಬ್ಬರನ್ನು ನೀವೇ ಮಾತನಾಡಿಸಿರಿ.

ಮೂರನೆಯದು ನನಗೂ ಸೇರಿದ್ದು. ಗೆದ್ದ ಆ ಗಾನವೃಂದವನ್ನು ನಮ್ಮ ದೇವಾಲಯದಲ್ಲಿ ಹಾಡಲು ಆಹ್ವಾನಿಸಿ ಪತ್ರ ಬರೆದಿದ್ದೇನೆ. ಆ ಪುಟ್ಟ ಹುಡುಗಿಗೂ ಉತ್ತರ ಹೇಳಿದ್ದೇನೆ: "ಹೌದಮ್ಮ, ತುಂಬಾ ಚೆನ್ನಾಗಿ ಹಾಡಿದ್ರು."